ಎಐ ಹಾಕಿಕೊಟ್ಟ ಯುರೋಪ್ ರೈಲು ಪ್ಲಾನ್: ಯಾವ ಕನೆಕ್ಷನ್ ನಂಬಬಹುದು?

ಓದುಗರ ಪ್ರಶ್ನೆ: ನಾನು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸ ಮಾಡುತ್ತೇನೆ. ಸೆಪ್ಟೆಂಬರ್‌ನಲ್ಲಿ ಹಾಸನದಿಂದ ಅಪ್ಪ (71), ಅಮ್ಮ (66) ಬರುತ್ತಿದ್ದಾರೆ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಕಷ್ಟ. ಮೂವರೂ ರೈಲಿನಲ್ಲೇ ಯುರೋಪ್ ಸುತ್ತೋಣ ಅಂತ ಒಂದು ಎಐ ಅಸಿಸ್ಟೆಂಟ್ ಹತ್ತಿರ ಪ್ಲಾನ್ ಕೇಳಿದೆ. ಒಂದೇ ನಿಮಿಷದಲ್ಲಿ ಕೊಟ್ಟಿತು. ಮೊದಲ ದಿನ ರೋಟರ್‌ಡ್ಯಾಮ್‌ನಿಂದ ಪ್ಯಾರಿಸ್, ಅಲ್ಲಿ 35 ನಿಮಿಷದಲ್ಲಿ ರೈಲು ಬದಲಿಸಿ ಸ್ವಿಟ್ಜರ್‌ಲ್ಯಾಂಡ್‌ನ ಇಂಟರ್‌ಲಾಕೆನ್. ಮೂರು ದಿನ ಬಿಟ್ಟು ಶ್ಪೀಟ್ಸ್ ಎಂಬಲ್ಲಿ 9 ನಿಮಿಷದಲ್ಲಿ ಬದಲಿಸಿ ಮಿಲಾನ್ ಮೇಲೆ ವೆನಿಸ್. ಅಲ್ಲಿಂದ ವಿಯೆನ್ನಾ. ವಿಯೆನ್ನಾದಿಂದ ರಾತ್ರಿ ರೈಲಿನಲ್ಲಿ ಪ್ಯಾರಿಸ್‌ಗೆ ವಾಪಸ್. ಪ್ಯಾರಿಸ್‌ನಲ್ಲಿ ಮೂರು ದಿನ, ಅದರಲ್ಲಿ ಒಂದು ದಿನ ಲಂಡನ್‌ಗೆ ಹೋಗಿಬರುವುದು. ಮೂವರಿಗೂ ಇಂಟರ್‌ರೇಲ್ ಪಾಸ್ (ಹಲವು ದೇಶಗಳ ರೈಲಿಗೆ ಒಂದೇ ಪಾಸ್) ತಗೊಳ್ಳಿ ಅಂದಿದೆ. ಆ 9 ನಿಮಿಷದ ಕನೆಕ್ಷನ್ ನೆನೆಸಿಕೊಂಡರೆ ನಿದ್ದೆ ಬರುತ್ತಿಲ್ಲ. ಒಬ್ಬ ಗೆಳೆಯ "ಅದು ಲೈವ್ ಟೈಮ್‌ಟೇಬಲ್ ನೋಡಿಯೇ ಹೇಳೋದು" ಅನ್ನುತ್ತಾನೆ. ಇನ್ನೊಬ್ಬ "ಅದು ಹೇಳೋದೆಲ್ಲ ಸುಳ್ಳು" ಅನ್ನುತ್ತಾನೆ. ಯಾರನ್ನು ನಂಬಲಿ?

ಉತ್ತರ: ಮೊದಲು ನಿಮ್ಮ ನಿದ್ದೆಯ ವಿಷಯ. ಶ್ಪೀಟ್ಸ್‌ನ 9 ನಿಮಿಷಕ್ಕೆ ಹೆದರಬೇಡಿ. ನಿಮ್ಮ ಪ್ಲಾನ್ ಓದಿ ನಾನು ಹೆದರಿದ್ದು ಪ್ಯಾರಿಸ್‌ನ 35 ನಿಮಿಷಕ್ಕೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೆರಡಿವೆ. ವಿಯೆನ್ನಾದಿಂದ ಪ್ಯಾರಿಸ್‌ಗೆ ಹೋಗುವ ಆ ರಾತ್ರಿ ರೈಲು ಈಗ ಓಡುತ್ತಿಲ್ಲ. ಆ ಒಂದು ದಿನದ ಲಂಡನ್ ಪ್ರವಾಸ ನಿಮ್ಮ ಅಪ್ಪ ಅಮ್ಮನ ವೀಸಾಕ್ಕೇ ಕುತ್ತು ತರಬಹುದು.

ಅಂದಮಾತ್ರಕ್ಕೆ ನಿಮ್ಮ ಎರಡನೇ ಗೆಳೆಯ ಹೇಳಿದ್ದೂ ಸರಿಯಲ್ಲ. ವೆನಿಸ್‌ನಿಂದ ವಿಯೆನ್ನಾಕ್ಕೆ ನೇರ ರೈಲಿದೆ, ಇಂಟರ್‌ಲಾಕೆನ್‌ನಿಂದ ಇಟಲಿಗೆ ಶ್ಪೀಟ್ಸ್ ಮೇಲೆ ಹೋಗುವುದೇ ಸರಿಯಾದ ದಾರಿ. ಊರುಗಳ ಆಯ್ಕೆಯೂ ಚೆನ್ನಾಗಿದೆ. ಹದಿನೈದು ವರ್ಷದಿಂದ ನಾನು ಜನರಿಗೆ ಇಂಥ ಪ್ರಯಾಣ ಜೋಡಿಸಿಕೊಡುತ್ತಿದ್ದೇನೆ. ಈಗ ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಅಸಿಸ್ಟೆಂಟ್ ಕೊಟ್ಟ ಪ್ಲಾನ್ ಹಿಡಿದುಕೊಂಡೇ ಬರುತ್ತಾರೆ. ನಾನು ಕಂಡ ಹಾಗೆ ರೈಲಿನ ದಾರಿಯನ್ನು ಅದು ಬಹುತೇಕ ಸರಿ ಹೇಳುತ್ತದೆ. ತಪ್ಪುವುದು ಕೀಲುಗಳಲ್ಲಿ. ಒಂದು ರೈಲಿಗೂ ಇನ್ನೊಂದಕ್ಕೂ ನಡುವೆ, ಒಂದು ಟಿಕೆಟ್‌ಗೂ ಇನ್ನೊಂದಕ್ಕೂ ನಡುವೆ, ಒಂದು ದೇಶಕ್ಕೂ ಇನ್ನೊಂದಕ್ಕೂ ನಡುವೆ.

ಯಾಕೆ ಹೀಗೆ ಅಂತ ತಿಳಿದರೆ ಎಲ್ಲಿ ನಂಬಬೇಕು, ಎಲ್ಲಿ ಬಿಡಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಅಸಿಸ್ಟೆಂಟ್‌ನ ಒಳಗೆ ಟೈಮ್‌ಟೇಬಲ್ ಇರುವುದಿಲ್ಲ. ಜನ ಬರೆದ ಅಪಾರ ಬರಹ ಓದಿ ಕಲಿತದ್ದರಿಂದ ಅದು ಉತ್ತರ ಕಟ್ಟುತ್ತದೆ. ಆ ಓದು ಒಂದು ದಿನಾಂಕಕ್ಕೆ ನಿಂತಿರುತ್ತದೆ. ಕೆಲವು ಅಸಿಸ್ಟೆಂಟ್‌ಗಳು ಈಗ ಇಂಟರ್ನೆಟ್‌ನಲ್ಲಿ ಹುಡುಕಿಯೂ ಹೇಳುತ್ತವೆ, ಆದರೆ ಕೈಗೆ ಸಿಗುವ ಪುಟ ಮೂರು ವರ್ಷ ಹಳೆಯದಾಗಿದ್ದರೆ? ಯುರೋಪಿನ ಟೈಮ್‌ಟೇಬಲ್ ಪ್ರತಿ ವರ್ಷ ಡಿಸೆಂಬರ್‌ನ ಎರಡನೇ ಶನಿವಾರ ಮಧ್ಯರಾತ್ರಿ ಬದಲಾಗುತ್ತದೆ. ಜೂನ್‌ನಲ್ಲಿ ಇನ್ನೊಂದು ಸಣ್ಣ ಬದಲಾವಣೆ. ನಡುವೆ ಹಳಿ ದುರಸ್ತಿ ಬೇರೆ.

ವಿಯೆನ್ನಾ-ಪ್ಯಾರಿಸ್ ರೈಲನ್ನೇ ನೋಡಿ. ಆಸ್ಟ್ರಿಯಾ ರೈಲ್ವೆಯ ನೈಟ್‌ಜೆಟ್ ಅದು. 2021ರ ಡಿಸೆಂಬರ್‌ನಲ್ಲಿ ಶುರುವಾಯಿತು. ಯುರೋಪಿನ ರಾತ್ರಿ ರೈಲುಗಳು ಮತ್ತೆ ಬಂದವು ಅಂತ ಪತ್ರಿಕೆಗಳು, ಪ್ರವಾಸ ಬರೆಯುವವರು, ವಿಡಿಯೊ ಮಾಡುವವರು ಎಲ್ಲರೂ ಸಂಭ್ರಮಪಟ್ಟರು. ವಾರಕ್ಕೆ ಮೂರು ರಾತ್ರಿ ಓಡುತ್ತಿತ್ತು. ಫ್ರಾನ್ಸ್ ಸರ್ಕಾರ ಸಹಾಯಧನ ನಿಲ್ಲಿಸಿದ್ದರಿಂದ 2025ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಶುರುವಾದಾಗ ಬರೆದಷ್ಟು ಜನ ನಿಂತಾಗ ಬರೆಯಲಿಲ್ಲ. ಹಾಗಾಗಿ ಓದಿ ಕಲಿತ ಯಂತ್ರದ ನೆನಪಿನಲ್ಲಿ ಅದು ಇನ್ನೂ ಓಡುತ್ತಿದೆ. ಲಿಸ್ಬನ್-ಮ್ಯಾಡ್ರಿಡ್ ರಾತ್ರಿ ರೈಲಿನದೂ ಇದೇ ಕಥೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಹೊತ್ತಿಗೆ ನಿಂತದ್ದು ಮತ್ತೆ ಹೊರಟಿಲ್ಲ. ಆದರೂ ಆ ರೈಲಿರುವ ಪ್ಲಾನ್‌ಗಳು ನನ್ನ ಕೈಗೆ ಬರುತ್ತಲೇ ಇವೆ.

ಇನ್ನೊಂದು ಕಾರಣ ನಮಗೆ, ಭಾರತದಿಂದ ಬಂದವರಿಗೆ, ಚೂರು ವಿಚಿತ್ರ ಅನಿಸುತ್ತದೆ. ನಮ್ಮಲ್ಲಿ ಹಾಸನದಿಂದ ವಾರಾಣಸಿಗೆ ಹೋದರೂ ಒಂದೇ ಇಲಾಖೆ, ಟಿಕೆಟ್‌ಗೆ ಒಂದೇ ಐಆರ್‌ಸಿಟಿಸಿ. ಬುಕಿಂಗ್ ತೆರೆಯುವುದೂ ದೇಶಕ್ಕೆಲ್ಲ ಒಂದೇ ಲೆಕ್ಕ, 60 ದಿನ ಮುಂಚೆ. ಯುರೋಪಿನಲ್ಲಿ ದೇಶಕ್ಕೊಂದು ರೈಲ್ವೆ, ಕೆಲವು ಕಡೆ ಒಂದೇ ಹಳಿಯ ಮೇಲೆ ಮೂರು ಕಂಪನಿ. ಬುಕಿಂಗ್ ತೆರೆಯುವ ದಿನ ಬೇರೆ, ರದ್ದತಿ ನಿಯಮ ಬೇರೆ. ರೈಲುಗಳ ಸಮಯವನ್ನಾದರೂ ಜರ್ಮನಿಯ ರೈಲ್ವೆಯಾದ ಡಾಯ್ಚ ಬಾನ್‌ನ ಆ್ಯಪ್‌ನಲ್ಲಿ ಬಹುಪಾಲು ಯುರೋಪಿಗೆ ನೋಡಬಹುದು. ದರ, ಖಾಲಿ ಸೀಟು ಎಲ್ಲವನ್ನೂ ಒಂದೇ ಕಡೆ ತೋರಿಸುವ ಅಂಗಡಿ ಇಲ್ಲ. ಆ ಖಾಲಿ ಜಾಗವನ್ನು ಅಸಿಸ್ಟೆಂಟ್ ಅಂದಾಜಿನಿಂದ ತುಂಬುತ್ತದೆ. ಅಂದಾಜು ಹೇಳುವಾಗಲೂ ಗೊತ್ತಿದ್ದದ್ದನ್ನು ಹೇಳುವ ದನಿಯಲ್ಲೇ ಹೇಳುತ್ತದೆ. ಜನ ಮೋಸಹೋಗುವುದು ಅಲ್ಲೇ.

ಈಗ ಆ 35 ನಿಮಿಷಕ್ಕೆ ಬರೋಣ.

ರೋಟರ್‌ಡ್ಯಾಮ್‌ನಿಂದ ಬರುವ ಯೂರೋಸ್ಟಾರ್ ಪ್ಯಾರಿಸ್‌ನ ಗಾರ್ ದ್ಯು ನಾರ್ ಸ್ಟೇಷನ್‌ಗೆ ಬರುತ್ತದೆ. ಸ್ವಿಟ್ಜರ್‌ಲ್ಯಾಂಡ್ ಕಡೆಯ ರೈಲು ಹೊರಡುವುದು ಗಾರ್ ದ ಲಿಯೊನ್‌ನಿಂದ. ಇವು ಒಂದೇ ಊರಿನ ಎರಡು ಬೇರೆ ಸ್ಟೇಷನ್. ನಡುವೆ ಆರ್‌ಇಆರ್ ಡಿ ಅನ್ನುವ ಲೋಕಲ್ ರೈಲು, ಎರಡನೇ ಸ್ಟಾಪ್, ಹತ್ತು ನಿಮಿಷವೂ ಆಗುವುದಿಲ್ಲ. ಅಸಿಸ್ಟೆಂಟ್ ಎಣಿಸಿರುವುದು ಈ ಹತ್ತು ನಿಮಿಷವನ್ನು. ಅಮ್ಮನ ಜೊತೆ ನೀವೇ ನಡೆದು ನೋಡಿ. ಎರಡು ರೈಲು ಜೋಡಿಸಿದ್ದರೆ ಉದ್ದ 400 ಮೀಟರ್. ನಿಮ್ಮ ಬೋಗಿ ಹಿಂದಿದ್ದರೆ ಅಷ್ಟು ದೂರ ಪ್ಲಾಟ್‌ಫಾರ್ಮ್ ಮೇಲೇ ನಡೆಯಬೇಕು. ಮುಂದೆ ಜನರ ಗುಂಪು. ಆಮೇಲೆ ನೆಲಮಾಳಿಗೆಗೆ ಇಳಿಯಬೇಕು. ಎಸ್ಕಲೇಟರ್ ಕೆಟ್ಟಿದ್ದರೆ ಲಿಫ್ಟ್ ಹುಡುಕಬೇಕು. ಲೋಕಲ್ ಟಿಕೆಟ್ ತೆಗೆದುಕೊಳ್ಳಬೇಕು. ಗೇಟು ಕಿರಿದು, ದೊಡ್ಡ ಸೂಟ್‌ಕೇಸ್ ಸಿಕ್ಕಿಹಾಕಿಕೊಳ್ಳುತ್ತದೆ. ಗಾರ್ ದ ಲಿಯೊನ್‌ನಲ್ಲಿ ಮತ್ತೆ ಮೇಲೆ ಹತ್ತಬೇಕು. ಅಲ್ಲಿ ಎರಡು ಹಾಲ್. ಒಂದರಲ್ಲಿ ಪ್ಲಾಟ್‌ಫಾರ್ಮ್‌ಗೆ ಅಕ್ಷರ, ಇನ್ನೊಂದರಲ್ಲಿ ಅಂಕಿ. ತಪ್ಪು ಹಾಲ್‌ಗೆ ಹೋದರೆ ಮತ್ತೆ ನಡಿಗೆ. ಟಿಜಿವಿ, ಅಂದರೆ ಫ್ರಾನ್ಸ್‌ನ ವೇಗದ ರೈಲಿನ ಬಾಗಿಲು ಹೊರಡುವ ಹೊತ್ತಿಗಿಂತ 2 ನಿಮಿಷ ಮುಂಚೆಯೇ ಮುಚ್ಚುತ್ತದೆ. ನಾನೊಬ್ಬನೇ ಬೆನ್ನಚೀಲ ಹಾಕಿಕೊಂಡು ಓಡಿದರೆ 35 ನಿಮಿಷದಲ್ಲಿ ಆದೀತು. ನಿಮಗೆ 90 ನಿಮಿಷ ಬೇಕು, ಹಿಂದಿನ ರೈಲು ತಡವಾಗುವ ಲೆಕ್ಕ ಸೇರಿಸಿದರೆ ಎರಡು ಗಂಟೆ.

ಶ್ಪೀಟ್ಸ್ ಹಾಗಲ್ಲ. ತೂನ್ ಸರೋವರದ ಮೇಲಿನ ಚಿಕ್ಕ ಸ್ಟೇಷನ್, ಕೆಲವೇ ಪ್ಲಾಟ್‌ಫಾರ್ಮ್. ಇಂಟರ್‌ಲಾಕೆನ್ ಓಸ್ಟ್‌ನಿಂದ ಅಲ್ಲಿಗೆ ಇಪ್ಪತ್ತು ನಿಮಿಷದ ಹಾದಿ. ನೀವು ಹತ್ತುವ ರೈಲು ಹೊರಡುವುದೇ ಇಂಟರ್‌ಲಾಕೆನ್‌ನಿಂದ, ದೂರದಿಂದ ತಡವಾಗಿ ಬರುವ ಪ್ರಶ್ನೆಯಿಲ್ಲ. ಅದಕ್ಕಿಂತ ಮುಖ್ಯವಾದದ್ದು ಇದು: ಸ್ವಿಸ್ ಟೈಮ್‌ಟೇಬಲ್ ಕಟ್ಟಿರುವುದೇ ಕನೆಕ್ಷನ್‌ಗಾಗಿ. 1982ರಿಂದ ಅಲ್ಲಿ ರೈಲುಗಳು ಗಂಟೆ ಗಂಟೆಗೂ ಅದೇ ನಿಮಿಷಕ್ಕೆ ಹೊರಡುತ್ತವೆ. ದೊಡ್ಡ ಜಂಕ್ಷನ್‌ಗಳಿಗೆ ಎಲ್ಲ ಕಡೆಯ ರೈಲು ಸುಮಾರಾಗಿ ಒಂದೇ ಹೊತ್ತಿಗೆ ಬರುತ್ತವೆ, ಜನ ಬದಲಿಸಿಕೊಳ್ಳುತ್ತಾರೆ, ಎಲ್ಲವೂ ಹೊರಡುತ್ತವೆ. ಅಲ್ಲಿ 9 ನಿಮಿಷ ಅಂದರೆ ಯಾರೋ ಕೂತು ಯೋಚಿಸಿ ಇಟ್ಟ 9 ನಿಮಿಷ. ಬೆಳಗಿನ ಹೊತ್ತಿನ ರೈಲು ಹಿಡಿಯಿರಿ, ಸಾಕು. ಮಿಲಾನ್‌ಗೆ ನೇರ ಹೋಗುವ ರೈಲು ದಿನಕ್ಕೆ ಕೆಲವೇ ಇವೆ, ಗಡಿ ದಾಟಲು ಸೀಟ್ ರಿಸರ್ವೇಶನ್ ಕಡ್ಡಾಯ. ಅದೊಂದನ್ನು ಮುಂಚೆಯೇ ಮಾಡಿಡಿ. ಅಮ್ಮನಿಗೆ ಆತಂಕವಾದರೆ ಹಿಂದಿನ ರೈಲಿನಲ್ಲೇ ಶ್ಪೀಟ್ಸ್‌ಗೆ ಹೋಗಿ ಕೂತುಕೊಳ್ಳಿ. ಕಾಯುವುದಕ್ಕೆ ಅಷ್ಟು ಚಂದದ ಸ್ಟೇಷನ್ ಯುರೋಪಿನಲ್ಲಿ ಜಾಸ್ತಿ ಇಲ್ಲ.

ಜರ್ಮನಿಗೆ ಬಂದರೆ ಲೆಕ್ಕವೇ ಬೇರೆ. 2024ರಲ್ಲಿ ಡಾಯ್ಚ ಬಾನ್‌ನ ದೂರದ ರೈಲುಗಳಲ್ಲಿ ಸಮಯಕ್ಕೆ ತಲುಪಿದ್ದು ಶೇ. 62.5 ಮಾತ್ರ. ಆರು ನಿಮಿಷದೊಳಗಿನ ತಡವನ್ನು ತಡ ಅಂತಲೇ ಎಣಿಸಿಲ್ಲ, ರದ್ದಾದ ರೈಲುಗಳು ಈ ಲೆಕ್ಕದಲ್ಲೇ ಇಲ್ಲ. ಹಳಿಗಳು ಹಳೆಯವು, ರೈಲುಗಳು ಜಾಸ್ತಿ. 2024ರಿಂದ ಮುಖ್ಯ ಮಾರ್ಗಗಳನ್ನು ಒಂದೊಂದಾಗಿ ತಿಂಗಳುಗಟ್ಟಲೆ ಪೂರ್ತಿ ಮುಚ್ಚಿ ದುರಸ್ತಿ ಮಾಡುತ್ತಿದ್ದಾರೆ. ಫ್ರಾಂಕ್‌ಫರ್ಟ್-ಮ್ಯಾನ್‌ಹೈಮ್ ನಡುವಿನ ಮಾರ್ಗ ಮೊದಲನೆಯದು. ಆದ್ದರಿಂದ ಅದೇ 9 ನಿಮಿಷ ಕೊಲೋನ್‌ನಲ್ಲೋ ಮ್ಯಾನ್‌ಹೈಮ್‌ನಲ್ಲೋ ಇದ್ದಿದ್ದರೆ ಬೇಡವೇ ಬೇಡ ಅನ್ನುತ್ತಿದ್ದೆ. ಅಲ್ಲಿ ವಯಸ್ಸಾದವರ ಜೊತೆ ಒಂದು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಅಸಿಸ್ಟೆಂಟ್‌ಗೆ ಎಲ್ಲ ನಿಮಿಷವೂ ಒಂದೇ. ಯಾವ ಸ್ಟೇಷನ್‌ನ ನಿಮಿಷ ಅನ್ನುವುದನ್ನು ನೀವೇ ನೋಡಬೇಕು.

ಹಾಗಾದರೆ ಏನು ಮಾಡುವುದು? ಪ್ಲಾನ್ ಎಸೆಯುವುದು ಬೇಡ, ತಿರುಗಿಸಿ ಹಾಕಿ. ಪ್ಯಾರಿಸ್ ಅನ್ನು ಕೊನೆಯಿಂದ ತೆಗೆದು ಮೊದಲಿಗೆ ತನ್ನಿ. ರೋಟರ್‌ಡ್ಯಾಮ್‌ನಿಂದ ಪ್ಯಾರಿಸ್‌ಗೆ ಹೋಗಿ ಮೂರು ದಿನ ಅಲ್ಲೇ ಇರಿ. 35 ನಿಮಿಷದ ಓಟವೇ ಇರುವುದಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಗಾರ್ ದ ಲಿಯೊನ್‌ನಿಂದ ಬಾಸೆಲ್‌ಗೆ ಸುಮಾರು ಮೂರು ಗಂಟೆ, ಬಾಸೆಲ್‌ನಿಂದ ಇಂಟರ್‌ಲಾಕೆನ್‌ಗೆ ಎರಡು ಗಂಟೆ. ಆಮೇಲೆ ವೆನಿಸ್, ಅಲ್ಲಿಂದ ವಿಯೆನ್ನಾ, ಅದು ಹೇಳಿದಂತೆಯೇ. ವೆನಿಸ್‌ನಲ್ಲಿ ಒಂದು ಎಚ್ಚರಿಕೆ: ವೆನೆಜಿಯಾ ಮೆಸ್ತ್ರೆ ಅನ್ನುವುದು ನೆಲದ ಮೇಲಿನ ಊರು, ವೆನೆಜಿಯಾ ಸಾಂತಾ ಲೂಚಿಯಾ ಅನ್ನುವುದು ನೀರಿನ ನಡುವಿನ ಹಳೇ ವೆನಿಸ್. ಹೋಟೆಲ್ ಎಲ್ಲಿ ಮಾಡಿದ್ದೀರೋ ಅದೇ ಸ್ಟೇಷನ್‌ಗೆ ಟಿಕೆಟ್ ಮಾಡಿ.

ವಿಯೆನ್ನಾದಿಂದ ಮನೆಗೆ ಬರಲು ಎರಡು ದಾರಿ. ಒಂದು, ವಿಯೆನ್ನಾ-ಆಮ್‌ಸ್ಟರ್‌ಡ್ಯಾಮ್ ನೈಟ್‌ಜೆಟ್. ಪ್ಯಾರಿಸ್‌ಗೆ ಹೋಗಿ ಬರುವ ಸುತ್ತೇ ತಪ್ಪುತ್ತದೆ. ಆದರೆ ಜರ್ಮನಿಯ ಉದ್ದಕ್ಕೂ ಹಾದುಬರುವ ರೈಲು, ದುರಸ್ತಿಯಿಂದ ದಾರಿ ಬದಲಾಗಬಹುದು, ತಡವಾಗಬಹುದು. ನಿಮ್ಮ ದಿನಾಂಕಕ್ಕೆ ಓಡುತ್ತದಾ ಅಂತ ಆಸ್ಟ್ರಿಯಾ ರೈಲ್ವೆಯ ಸೈಟ್‌ನಲ್ಲೇ ನೋಡಿ. ಅಗ್ಗ ಅಂತ ಕೂತುಕೊಂಡು ಹೋಗುವ ಸೀಟ್ ಮಾತ್ರ ಬೇಡ. ಕೂಶೆಟ್ ಬೋಗಿಯಲ್ಲೂ (ಹಲವರು ಹಂಚಿಕೊಂಡು ಮಲಗುವ ಬರ್ತ್‌ಗಳದ್ದು) ಮೇಲಿನ ಬರ್ತ್‌ಗೆ ಏಣಿ ಹತ್ತಬೇಕು. ಅಮ್ಮನಿಗೆ ಲೋವರ್ ಬರ್ತ್ ಖಾತ್ರಿ ಮಾಡಿಕೊಳ್ಳಿ, ಕೈಗೆಟುಕಿದರೆ ಮೂವರಿಗೇ ಒಂದು ಸ್ಲೀಪರ್ ಕ್ಯಾಬಿನ್. "ರಾತ್ರಿ ರೈಲಿನಲ್ಲಿ ಹೋಟೆಲ್ ಖರ್ಚು ಉಳಿಯುತ್ತದೆ" ಅಂತ ಅಸಿಸ್ಟೆಂಟ್ ಬರೆಯುತ್ತದೆ, ಮರುದಿನದ ಸುಸ್ತಿನ ಬಗ್ಗೆ ಬರೆಯುವುದಿಲ್ಲ. ಎರಡನೇ ದಾರಿ, ಹಗಲು ರೈಲಿನಲ್ಲಿ ಬಂದು ನ್ಯೂರೆಂಬರ್ಗ್‌ನಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಒಂದು ರಾತ್ರಿ ತಂಗುವುದು. ಖರ್ಚು ಸ್ವಲ್ಪ ಜಾಸ್ತಿ, ಮಂಡಿಗೆ ಹಿತ. ನನ್ನ ಅಪ್ಪ ಅಮ್ಮ ಆಗಿದ್ದರೆ ನಾನು ಇದನ್ನೇ ಮಾಡುತ್ತಿದ್ದೆ.

ಲಂಡನ್ ವಿಷಯ. ಪ್ಯಾರಿಸ್‌ನಿಂದ ರೈಲಿನಲ್ಲಿ ಎರಡೂಕಾಲು ಗಂಟೆ ಅನ್ನುವುದು ನಿಜ. ಆದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟವಾದ ಷೆಂಗೆನ್‌ನಲ್ಲಿ ಬ್ರಿಟನ್ ಇಲ್ಲ. ಭಾರತದ ಪಾಸ್‌ಪೋರ್ಟ್ ಇರುವ ಮೂವರಿಗೂ ಬ್ರಿಟನ್‌ನ ಪ್ರತ್ಯೇಕ ವೀಸಾ ಬೇಕು. ನಿಮ್ಮ ಡಚ್ ರೆಸಿಡೆನ್ಸ್ ಪರ್ಮಿಟ್ ಅಲ್ಲಿ ನಡೆಯುವುದಿಲ್ಲ. ವೀಸಾ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅಪ್ಪ ಅಮ್ಮನ ಷೆಂಗೆನ್ ವೀಸಾ ಸಿಂಗಲ್ ಎಂಟ್ರಿ ಆಗಿದ್ದರೆ ಲಂಡನ್‌ಗೆ ಹೊರಟ ಕ್ಷಣಕ್ಕೆ ಅದು ಮುಗಿಯಿತು. ಸಂಜೆ ಪ್ಯಾರಿಸ್‌ಗೆ ವಾಪಸ್ ಬರುವ ಹಾಗಿಲ್ಲ. ಅಸಿಸ್ಟೆಂಟ್ ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿತಾ? ಬಹುತೇಕ ಕೇಳಿರುವುದಿಲ್ಲ. ಅದು ಓದಿರುವ ಇಂಗ್ಲಿಷ್ ಬರಹಗಳನ್ನು ಬರೆದವರಲ್ಲಿ ಹೆಚ್ಚಿನವರಿಗೆ ಈ ಚಿಂತೆಯೇ ಇರಲಿಲ್ಲ. ಈ ಸಲಕ್ಕೆ ಲಂಡನ್ ಬಿಟ್ಟುಬಿಡಿ.

ಪಾಸ್‌ನಲ್ಲೂ ಇಂಥದೇ ತಪ್ಪು. ಇಂಟರ್‌ರೇಲ್ ಯುರೋಪಿನಲ್ಲಿ ವಾಸ ಇರುವವರಿಗೆ, ಯೂರೇಲ್ ಹೊರಗಿನಿಂದ ಬರುವವರಿಗೆ. ನೋಡುವುದು ವಾಸದ ಊರನ್ನು, ಯಾವ ದೇಶದ ಪ್ರಜೆ ಅನ್ನುವುದನ್ನಲ್ಲ. ಹಾಗಾಗಿ ನಿಮಗೆ ಇಂಟರ್‌ರೇಲ್, ಅಪ್ಪ ಅಮ್ಮನಿಗೆ ಯೂರೇಲ್. ಇಬ್ಬರಿಗೂ 60 ದಾಟಿರುವುದರಿಂದ ಹಿರಿಯರ ರಿಯಾಯಿತಿ ಶೇ. 10 ಸಿಗುತ್ತದೆ. ನಿಮ್ಮ ಇಂಟರ್‌ರೇಲ್‌ನಲ್ಲಿ ನೆದರ್‌ಲ್ಯಾಂಡ್ಸ್ ಒಳಗೆ ಹೋಗುವಾಗ ಒಂದು, ಬರುವಾಗ ಒಂದು ಪ್ರಯಾಣ ಮಾತ್ರ. ಆದರೆ ನಿಮಗೆ ಪಾಸ್ ಬೇಕಾ ಅನ್ನುವುದೇ ನನ್ನ ಪ್ರಶ್ನೆ. ಪಾಸ್ ಇದ್ದರೂ ಯೂರೋಸ್ಟಾರ್, ಟಿಜಿವಿ, ಇಟಲಿಯ ವೇಗದ ರೈಲು, ರಾತ್ರಿ ರೈಲು ಎಲ್ಲಕ್ಕೂ ರಿಸರ್ವೇಶನ್ ದುಡ್ಡು ಬೇರೆ. ಯೂರೋಸ್ಟಾರ್‌ನಲ್ಲಿ ಪಾಸ್‌ನವರಿಗೆ ಇಡುವ ಸೀಟು ಕೆಲವೇ, ಬೇಗ ಖಾಲಿಯಾಗುತ್ತವೆ. ನಿಮ್ಮದು ಆರೇಳು ದೊಡ್ಡ ಪ್ರಯಾಣ, ದಿನಾಂಕ ಗಟ್ಟಿ ಇದೆ. ಬೇಗ ಬುಕ್ ಮಾಡಿದರೆ ಬಿಡಿ ಟಿಕೆಟ್‌ಗಳೇ ಅಗ್ಗವಾಗುವ ಸಂಭವ ಜಾಸ್ತಿ. ಎರಡನ್ನೂ ಕಾಗದದ ಮೇಲೆ ಕೂಡಿ ನೋಡಿ.

ಬಿಡಿ ಟಿಕೆಟ್‌ಗೂ ಒಂದು ಅಪಾಯ ಇದೆ, ಇದನ್ನು ಸರಿಯಾಗಿ ತಿಳಿದುಕೊಳ್ಳಿ. "ಮೊದಲ ರೈಲು ತಡವಾದರೆ ಮುಂದಿನ ರೈಲಿನಲ್ಲಿ ಪುಕ್ಕಟೆ ಕೂರಿಸುತ್ತಾರೆ" ಅಂತ ಅನೇಕರು ನಂಬಿದ್ದಾರೆ, ಅಸಿಸ್ಟೆಂಟ್ ಕೂಡ ಹಾಗೇ ಹೇಳುತ್ತದೆ. ಇಡೀ ದಾರಿ ಒಂದೇ ಟಿಕೆಟ್ ಆಗಿದ್ದರೆ ಅದು ನಿಜ. ಯುರೋಪಿಯನ್ ಯೂನಿಯನ್‌ನ ಈಗಿನ ನಿಯಮ 2023ರ ಜೂನ್ 7ರಿಂದ ಜಾರಿಯಲ್ಲಿದೆ. ತಲುಪುವುದು 60 ನಿಮಿಷ ತಡವಾದರೆ ದರದ ಕಾಲು ಭಾಗ, 120 ನಿಮಿಷವಾದರೆ ಅರ್ಧ ವಾಪಸ್. ಹವಾಮಾನದಂಥ ಕಾರಣಗಳಿಗೆ ವಿನಾಯಿತಿ ಉಂಟು. ಕನೆಕ್ಷನ್ ತಪ್ಪಿದರೆ ಬೇರೆ ದಾರಿಯಲ್ಲಿ ಕಳಿಸುವುದು ಅವರ ಹೊಣೆ. ಆದರೆ ಎರಡು ಕಡೆ ಎರಡು ಟಿಕೆಟ್ ಕೊಂಡಿದ್ದರೆ ಕಾನೂನಿನ ಕಣ್ಣಿಗೆ ಅವು ಎರಡು ಬೇರೆ ಪ್ರಯಾಣ. ನನ್ನ ಹತ್ತಿರ ಬಂದಿದ್ದ ಒಂದು ಮೈಸೂರಿನ ಕುಟುಂಬಕ್ಕೆ ಹೀಗೇ ಆಯಿತು. ಮೊದಲ ರೈಲು ಐವತ್ತು ನಿಮಿಷ ತಡ. ಮುಂದಿನ ಕಂಪನಿಯ ಕೌಂಟರ್‌ನಲ್ಲಿ ನಾಲ್ಕು ಜನಕ್ಕೂ ಆ ದಿನದ ದರದಲ್ಲಿ ಹೊಸ ಟಿಕೆಟ್. ಆ ಮನೆಯ ಅಜ್ಜಿ ಪ್ಲಾಟ್‌ಫಾರ್ಮ್ ಬೆಂಚಿನ ಮೇಲೆ ಅವಲಕ್ಕಿ ಡಬ್ಬಿ ತೆಗೆದು ಮಕ್ಕಳಿಗೆ ಕೊಡುತ್ತ ಕೂತಿದ್ದ ಫೋಟೊ ನನಗೆ ಕಳಿಸಿದ್ದರು. ಅವತ್ತಿನಿಂದ ಟಿಕೆಟ್‌ನ ಕೀಲನ್ನು ನಾನು ಎರಡು ಸಲ ನೋಡುತ್ತೇನೆ.

ಹಲವು ಯುರೋಪಿಯನ್ ರೈಲ್ವೆಗಳ ನಡುವೆ ಎಜೆಸಿ ಅಂತ ಒಂದು ಒಪ್ಪಂದ ಇದೆ. ದೇಶದಿಂದ ದೇಶಕ್ಕೆ ಹೋಗುವಾಗ ಟಿಕೆಟ್ ಬೇರೆ ಬೇರೆ ಇದ್ದರೂ, ತಡದಿಂದ ರೈಲು ತಪ್ಪಿದವರನ್ನು ಮುಂದಿನ ರೈಲಿಗೆ ಹತ್ತಿಸಿಕೊಳ್ಳುತ್ತಾರೆ. ಹಕ್ಕು ಅಂತ ವಾದಿಸುವ ಹಾಗಿಲ್ಲ, ಸೌಜನ್ಯದ ಏರ್ಪಾಡು. ರೈಲು ತಡವಾಗಿದೆ ಅನಿಸಿದ ಕೂಡಲೇ ಒಳಗಿನ ಟಿಸಿ ಹತ್ತಿರ ಹೋಗಿ ತಡ ಆಗಿರುವುದಕ್ಕೆ ಬರೆಸಿಕೊಳ್ಳಿ. ಇಳಿದ ಮೇಲೆ ಹುಡುಕಿಕೊಂಡು ಹೋದರೆ ಆಗುವುದಿಲ್ಲ. ಸಾಧ್ಯವಾದ ಕಡೆ, ಉದಾಹರಣೆಗೆ ಪ್ಯಾರಿಸ್‌ನಿಂದ ಇಂಟರ್‌ಲಾಕೆನ್‌ವರೆಗೆ, ಒಂದೇ ಟಿಕೆಟ್ ಮಾಡಿಸಿ.

ಹೆಸರಿನ ಬಗ್ಗೆ ಒಂದು ಮಾತು. ಅಪ್ಪನ ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರ ಹೆಸರೋ ತಾತನ ಹೆಸರೋ ಬಂದಿರಬಹುದು. ಯಾವುದು ಹೆಸರು, ಯಾವುದು ಸರ್‌ನೇಮ್ ಅಂತ ಅಸಿಸ್ಟೆಂಟ್‌ಗೆ ಬಿಟ್ಟರೆ ಹಿಂದುಮುಂದಾಗುತ್ತದೆ. ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ನೀವೇ ತುಂಬಿ. ಪಾಸ್‌ಪೋರ್ಟ್ ನಂಬರು, ಕಾರ್ಡ್ ನಂಬರು ಚಾಟ್‌ನಲ್ಲಿ ಹಾಕಬೇಡಿ. ದುಡ್ಡು ಕಟ್ಟುವ ಕೆಲಸ ನಿಮ್ಮ ಕೈಯಲ್ಲೇ ಇರಲಿ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಅಸಿಸ್ಟೆಂಟ್ ಬಳಸುತ್ತೇನೆ, ದಿನಾ ಬಳಸುತ್ತೇನೆ. ಕೇಳುವ ಕ್ರಮ ಬದಲಿಸಿದ್ದೇನೆ, ಅಷ್ಟೆ. "ಪ್ಲಾನ್ ಕೊಡು" ಅನ್ನುವ ಬದಲು ಮೊದಲು ವಯಸ್ಸು, ಮಂಡಿನೋವು, ಲಗೇಜು, ಪಾಸ್‌ಪೋರ್ಟ್ ದೇಶ, ವೀಸಾ ಬಗೆ ಹೇಳುತ್ತೇನೆ. ಆಮೇಲೆ "ಈ ದಾರಿಯಲ್ಲಿ ಏನೇನು ತಪ್ಪಬಹುದು, ನಾನು ಏನನ್ನು ಪರೀಕ್ಷಿಸಬೇಕು" ಅಂತ ಕೇಳುತ್ತೇನೆ. ಈ ಪಟ್ಟಿಯನ್ನು ಅದು ನಿಜಕ್ಕೂ ಚೆನ್ನಾಗಿ ಕೊಡುತ್ತದೆ. ಸಮಯಗಳನ್ನು ರೈಲ್ವೆ ಸೈಟ್‌ನಿಂದ ನಾನೇ ತೆಗೆದು ಅಂಟಿಸಿ, "ಎಲ್ಲಿ ಸ್ಟೇಷನ್ ಬದಲಾಗುತ್ತದೆ, ಎಲ್ಲಿ ಬಿಗಿ ಇದೆ" ಅಂತ ಕೇಳಿದರೆ ನನ್ನ ಕಣ್ಣು ತಪ್ಪಿದ್ದನ್ನೂ ಹಿಡಿಯುತ್ತದೆ. ದಾರಿಯಲ್ಲಂತೂ ಬಹಳ ಉಪಯೋಗ. ಜರ್ಮನಿಯಲ್ಲಿ ಬೋರ್ಡಿನ ಮೇಲೆ "ಫೆಲ್ಟ್ ಔಸ್" ಅಂತ ಬಂದರೆ ರೈಲು ರದ್ದು, "ಶೀನೆನ್‌ಎರ್ಸಾಟ್ಸ್‌ಫೆರ್ಕೇರ್" ಅಂದರೆ ರೈಲಿನ ಬದಲು ಬಸ್. ಇಟಲಿಯಲ್ಲಿ "ಶೋಪೆರೊ" ಅಂದರೆ ಮುಷ್ಕರ. ಫೋಟೊ ತೆಗೆದು ತೋರಿಸಿದರೆ ಸಾಕು, ಕನ್ನಡದಲ್ಲೇ ಹೇಳುತ್ತದೆ. ಪರಿಹಾರ ಕೇಳುವ ಪತ್ರವನ್ನೂ ಅವರ ಭಾಷೆಯಲ್ಲೇ ಬರೆದುಕೊಡುತ್ತದೆ.

ಇನ್ನೊಂದು ಕೆಲಸವನ್ನು ಅದರ ಕೈಲಿ ಮಾಡಿಸಿ. ಒಂದೊಂದು ಪ್ರಯಾಣದ ದಿನಕ್ಕೂ ಕನ್ನಡದಲ್ಲಿ ಒಂದು ಚೀಟಿ: ಎಲ್ಲಿ ಹತ್ತುವುದು, ಬೋಗಿ ನಂಬರು, ಸೀಟು, ಎಲ್ಲಿ ಇಳಿಯುವುದು, ಅದಕ್ಕಿಂತ ಹಿಂದಿನ ಸ್ಟೇಷನ್ ಯಾವುದು, ನಿಮ್ಮ ಫೋನ್ ನಂಬರು. ಫೋನ್ ನಂಬರಿನ ಜಾಗ ಖಾಲಿ ಬಿಡಿಸಿ, ಪೆನ್ನಿನಲ್ಲಿ ನೀವೇ ಬರೆಯಿರಿ. ಸ್ಟೇಷನ್ ಹೆಸರು ಕನ್ನಡದಲ್ಲೂ ಇರಲಿ, ಬೋರ್ಡಿನ ಮೇಲೆ ಹೇಗೆ ಬರೆದಿರುತ್ತದೋ ಹಾಗೂ ಇರಲಿ. ವಿಯೆನ್ನಾ ಅಂತ ಹುಡುಕಿದರೆ ಸಿಗುವುದಿಲ್ಲ, ಅಲ್ಲಿ ಇರುವುದು ವೀನ್ ಅಂತ. ಟಿಕೆಟ್ ಜೊತೆ ಹೋಲಿಸಿ ನೋಡಿ, ಪ್ರಿಂಟ್ ತೆಗೆದು ಒಂದು ಅಪ್ಪನ ಜೇಬಿಗೆ, ಒಂದು ಅಮ್ಮನ ವ್ಯಾನಿಟಿ ಬ್ಯಾಗಿಗೆ ಹಾಕಿ. ಅಕ್ಷರ ದಪ್ಪಗಿರಲಿ, ಕನ್ನಡಕ ಇಲ್ಲದೆಯೂ ಓದುವಷ್ಟು.